ಸೂರತ್‌ನಿಂದ ಬಂದ ಜ್ವರ

24 ಸೆಪ್ಟೆಂಬರ್ 1994, ಶನಿವಾರ

ಇವತ್ತು ಲೋಕಲ್ ಗಾಡಿಯಲ್ಲಿ ಯಾರೂ ಯಾರ ಪಕ್ಕದಲ್ಲೂ ಕೂರಲಿಲ್ಲ. ನಾನು ದೇಹೂ ರೋಡಿನಲ್ಲಿ ಹತ್ತುವಾಗಲೇ ಬೋಗಿಯ ಅರ್ಧ ಜನ ಮೂಗಿಗೆ ಕರವಸ್ತ್ರ ಕಟ್ಟಿಕೊಂಡಿದ್ದರು. ಚಿಂಚವಡದಲ್ಲಿ ಹತ್ತಿದ ಮುದುಕನೊಬ್ಬ ಕೆಮ್ಮಿದ. ಅವನ ಸುತ್ತಲಿನ ಜಾಗವೆಲ್ಲ ಖಾಲಿಯಾಯಿತು. ಪಾಪ, ತಾನೇ ನಾಚಿಕೊಂಡು, ತಂಬಾಕಿನ ಕೆಮ್ಮು, ಹೆದರಬೇಡಿ ಎಂದು ಮರಾಠಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ. ಯಾರೂ ನಂಬಲಿಲ್ಲ. ನಾನೂ ಎದ್ದು ಬಾಗಿಲ ಹತ್ತಿರ ಹೋಗಿ ನಿಂತೆ.

ಸೂರತ್‌ನಲ್ಲಿ ಪ್ಲೇಗ್. ಜನ ಸಿಕ್ಕ ಗಾಡಿ ಹತ್ತಿ ಓಡುತ್ತಿದ್ದಾರಂತೆ. ಹಾಗೆ ಓಡಿದವರು ಎಲ್ಲಿಗೆ ಬಂದಾರು? ಮುಂಬಯಿಗೆ, ಇಲ್ಲವೆ ಇಲ್ಲಿಗೆ.

ಸದಾಶಿವ ಪೇಠದ ನಮ್ಮ ಹೊಲಿಗೆಮನೆಯಲ್ಲೂ ಅದೇ ಮಾತು. ಶಾಲೆಯ ಸಮವಸ್ತ್ರ ಕತ್ತರಿಸುತ್ತ ಕೇಳಿಸಿಕೊಂಡೆ. ವಿಜಾಪುರದ ಉಮಾವತಿ ಮಷಿನ್ ನಿಲ್ಲಿಸಿ, "ಶರಣಮ್ಮಾ, ನಿನ್ನ ಗಂಡ ಸೂರತ್‌ದಾಗ ಅದಾನಲ್ಲ?" ಅಂದಳು.

ಶರಣಮ್ಮ ನಮ್ಮಲ್ಲಿ ಸೇರಿ ಇನ್ನೂ ವರ್ಷವಾಗಿಲ್ಲ. ಯಾದಗಿರಿ ಕಡೆಯವಳು. ಗಂಡ ಲಾಲಪ್ಪ ಮೊದಲು ಇಲ್ಲಿಯೇ ಕಟ್ಟಡದ ಕೆಲಸಕ್ಕಿದ್ದ; ಬೇಸಿಗೆಯಲ್ಲಿ ಸೂರತ್‌ನ ಬಣ್ಣದ ಮಿಲ್ಲಿಗೆ ಹೋದ. ಕೊನೆಯ ಮಷಿನ್ನಿನಲ್ಲಿ ಕೂತಿದ್ದವಳು ತಲೆ ಎತ್ತದೆ, "ಹೌದ್ರಿ. ಏನೂ ಸುದ್ದಿ ಇಲ್ಲ," ಅಂದಳು.

"ಅಲ್ಲೇ ಇರ್ಲೆವ್ವ. ಇಲ್ಲಿಗಿ ಬರೂದು ಬ್ಯಾಡ," ಅಂದಳು ಉಮಾವತಿ. ಒಬ್ಬಿಬ್ಬರು ನಕ್ಕರು. ಶರಣಮ್ಮ ನನ್ನ ಕಡೆ ನೋಡಿದಳು. ನಾನು ಕತ್ತರಿಯ ಕಡೆ ನೋಡಿದೆ.

ಕರ್ತನೇ, ಈ ಪಿಡುಗು ನನ್ನ ಮನೆಯ ಬಾಗಿಲಿಗೆ ಬಾರದಿರಲಿ. ನನ್ನ ಮಗಳು ಸೋನಾಲಿಯನ್ನು ಕಾಯಿ, ನನ್ನ ಗಂಡ ಇವರನ್ನು ಕಾಯಿ.

25 ಸೆಪ್ಟೆಂಬರ್, ರವಿವಾರ

ಚರ್ಚಿನ ಕನ್ನಡ ಆರಾಧನೆಗೆ ಅರ್ಧದಷ್ಟು ಜನವೂ ಬಂದಿರಲಿಲ್ಲ. ಕರ್ತನ ಭೋಜನದ ದಿನ. ಪಾದ್ರಿ ಅಯ್ಯನವರು ದ್ರಾಕ್ಷಾರಸದ ಪಾತ್ರೆ ಹಿಡಿದು ನಿಂತರು. ಎಲ್ಲರೂ ತುಟಿ ಹಚ್ಚುವ ಒಂದೇ ಪಾತ್ರೆ. ಮುಂದಿನ ಸಾಲಿನವರು ಎದ್ದು ಹೋದರು. ಹಿಂದಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತೇ ಇದ್ದರು. ನಾನು ಹೋದೆ. ಆದರೆ ಪಾತ್ರೆ ಹತ್ತಿರ ಬಂದಾಗ ತುಟಿ ಬಿಗಿಹಿಡಿದು, ಕುಡಿದಂತೆ ಮಾಡಿ, ತಿರುಗಿ ಬಂದೆ. ಅಯ್ಯನವರಿಗೆ ಗೊತ್ತಾಯಿತೋ ಏನೋ. ದೇವರಿಗಂತೂ ಗೊತ್ತು.

ಕೆಲಸದ ಜಾಗದಲ್ಲಿ ಪ್ರೀತಿಯಿಂದ ನಡೆದುಕೊಳ್ಳುವುದೂ ಆರಾಧನೆಯೇ ಎಂದು ಅಯ್ಯನವರು ಹೇಳಿದರು. ಆ ವಿಷಯದಲ್ಲಿ ನನಗೆ ಅಳುಕಿಲ್ಲ. ಇಷ್ಟು ವರ್ಷದಲ್ಲಿ ಹೊಲಿಗೆಮನೆಯಲ್ಲಿ ಯಾರಿಗೂ ದನಿ ಏರಿಸಿ ಮಾತಾಡಿದವಳಲ್ಲ. ಕ್ರಿಸ್‌ಮಸ್ಸಿಗೆ ಎಲ್ಲರಿಗೂ ಕರಜಿಕಾಯಿ ಒಯ್ಯುತ್ತೇನೆ.

ಪ್ಲೇಗಿಗೆ ಕೊಡುವ ಟೆಟ್ರಾಸೈಕ್ಲಿನ್ ಗುಳಿಗೆ ಯಾವ ಅಂಗಡಿಯಲ್ಲೂ ಇಲ್ಲ. ಇವರು ತಮ್ಮ ಮಿಲಿಟರಿ ಡಿಪೋದ ದೋಸ್ತರಲ್ಲೆಲ್ಲ ಕೇಳಿ ಬರಿಗೈಯಲ್ಲಿ ಬಂದರು.

27 ಸೆಪ್ಟೆಂಬರ್, ಮಂಗಳವಾರ

ಮನೆಯಲ್ಲಿ ಇನ್ನೂ ಹೇಳಿಲ್ಲ. ಇಲ್ಲಿ ಬರೆದಿಡುತ್ತೇನೆ.

ನಿನ್ನೆಯಿಂದ ಸಮವಸ್ತ್ರದ ಕೆಲಸ ಪಕ್ಕಕ್ಕಿಟ್ಟು ಎಲ್ಲರೂ ಮಾಸ್ಕ್ ಹೊಲಿಯುತ್ತಿದ್ದೇವೆ. ಮಾಲಿಕರಾದ ಆಪಟೆ ಕಾಕಾಗೆ ಲಕ್ಷ್ಮೀ ರಸ್ತೆಯ ಅಂಗಡಿಗಳಿಂದ ದೊಡ್ಡ ಆರ್ಡರ್ ಬಂದಿದೆ. ನಾನು ಕತ್ತರಿಸುವುದು, ಹುಡುಗಿಯರು ಮಡಿಸಿ ಲಾಡಿ ಹಚ್ಚುವುದು.

ಊಟದ ಹೊತ್ತಿಗೆ ಶರಣಮ್ಮ ಬಂದು ಸೆರಗು ಜಗ್ಗಿದಳು. ಜಿನೆಯ ಮೆಟ್ಟಿಲ ಕೆಳಗೆ, ಬಟ್ಟೆಯ ಸುರುಳಿಗಳನ್ನು ಪೇರಿಸುವಲ್ಲಿಗೆ ಕರೆದೊಯ್ದಳು.

"ಅಕ್ಕಾರ, ನಮ್ಮನಿಯವರು ಬಂದಾರ್ರಿ."

"ಯಾವಾಗ?"

"ನಿನ್ನಿ ನಸುಕಿನ್ಯಾಗ. ಮೈ ಕೆಂಡದಂಗ ಸುಡ್ತದ. ಕೆಮ್ಮೂ ಅದ. ಕಟ್ಟಡದವರ ಶೆಡ್ಡಿನ್ಯಾಗ ಮುಚ್ಚಿ ಮಲಗಿಸೀನಿ. ಯಾರಿಗೂ ಹೇಳಿಲ್ಲ. ಗೊತ್ತಾದ್ರ ಕೂಲಿಯವರ ಮುಕಾದಮ ಹೊರಗ ಹಾಕ್ತಾನ್ರಿ. ಪೊಲೀಸರು ಹಿಡಕೊಂಡು ಹೋಗ್ತಾರ ಅಂತಾರ."

ನಾನು ಹಿಂದೆ ಸರಿದೆ. ಬೆನ್ನು ಗೋಡೆಗೆ ಬಡಿಯಿತು. ನಿನ್ನೆಯಿಂದ ಇವಳು ನನ್ನ ಮೇಜಿನಿಂದಲೇ ಬಟ್ಟೆ ಒಯ್ಯುತ್ತಿದ್ದಾಳೆ, ಇವಳು ಮುಟ್ಟಿದ್ದನ್ನು ನಾನು ಮುಟ್ಟಿದ್ದೇನೆ ಎಂಬುದೊಂದೇ ತಲೆಯಲ್ಲಿ.

"ನಿಮ್ಮ ದೇವರ ಆಣೆ ಅಕ್ಕಾರ, ಯಾರ ಮುಂದೂ ಅನಬ್ಯಾಡ್ರಿ," ಎಂದು ನನ್ನ ಕಾಲು ಹಿಡಿಯಲು ಬಗ್ಗಿದಳು. ನಾನು, "ಮುಟ್ಟಬ್ಯಾಡ!" ಅಂದೆ. ಅಷ್ಟು ಗಟ್ಟಿಯಾಗಿ ಅಂದೆನೆಂದು ನನಗೇ ಗೊತ್ತಾಗಲಿಲ್ಲ. ಅವಳು ಕೈ ಎದೆಗೆ ಒತ್ತಿಕೊಂಡು ನಿಂತಳು. ಮನೆಗೆ ಹೋಗು, ನಾಳೆ ಬರಬೇಡ ಎಂದೆ. ಹೋದಳು.

ಆಮೇಲೆ ಅವಳ ಬುಟ್ಟಿಯಲ್ಲಿದ್ದ ಮಾಸ್ಕೆಲ್ಲ ಕಟ್ಟಿಕೊಂಡು ಹಿಂದಿನ ಬಚ್ಚಲಿಗೆ ಹೋಗಿ, ದೊಡ್ಡ ಪಾತೇಲಿಯಲ್ಲಿ ಕುದಿಸಿದೆ. ಕಸ ಗುಡಿಸುವ ರಂಗೂಬಾಯಿ ಬಂದು ಏನು ಮಾಡುತ್ತೀರಿ ಎಂದಳು. ಬಟ್ಟೆಗೆ ಗಂಜಿ ಭಾಳ ಇತ್ತು, ತೆಗೆಯುತ್ತಿದ್ದೇನೆ ಎಂದೆ. ಮೊಣಕೈವರೆಗೆ ಡೆಟ್ಟಾಲು ಸುರಿದುಕೊಂಡೆ. ಚರ್ಮ ಇನ್ನೂ ಉರಿಯುತ್ತಿದೆ.

28 ಸೆಪ್ಟೆಂಬರ್, ಬುಧವಾರ

ಬೆಳಿಗ್ಗೆ ಇವರಿಗೆ ಹೇಳಿದೆ. ಚಹಾದ ಕಪ್ಪು ಕೆಳಗಿಟ್ಟರು.

"ನಿನಗ ಹತ್ತಿರ ಬಂದಿದ್ಲೇನು?"

"ಹೂಂ."

"ಸೋನಾಲಿಗಿ ನೀ ಊಟಕ್ಕ ಬಡಿಸಬ್ಯಾಡ ಹಂಗಾರ," ಅಂದರು. ಮತ್ತೆ ಚಹಾ ಮುಗಿಸಿ, "ನಮಗ್ಯಾಕ ಬೇಕು ಸಲೋಮಿ? ನೀ ಏನೂ ಕೇಳಿಲ್ಲ, ಅಕಿ ಏನೂ ಹೇಳಿಲ್ಲ. ಅಷ್ಟ."

ಹೊಲಿಗೆಮನೆಯಲ್ಲಿ ಶರಣಮ್ಮ ಎಲ್ಲಿ ಎಂದು ಆಪಟೆ ಕಾಕಾ ಕೇಳಿದರು. ತಲೆನೋವಂತೆ ಎಂದೆ. ಹೀಗೆ ಮುಚ್ಚಿಟ್ಟರೆ ಅವಳಿಗೆ ಉಪಕಾರ ಮಾಡಿದಂತೆ ಎಂದು ನಿನ್ನೆ ಅಂದುಕೊಂಡಿದ್ದೆ. ಇವತ್ತು ಕತ್ತರಿ ಹಿಡಿದು ನಿಂತಾಗ, ಬಿಬವೇವಾಡಿಯಲ್ಲಿ ಒಮ್ಮೆ ನೋಡಿದ್ದ ಆ ಶೆಡ್ಡುಗಳು ಕಣ್ಣೆದುರು ಬಂದವು. ಒಂದಕ್ಕೊಂದು ಅಂಟಿದ ತಗಡಿನ ಗೋಡೆಗಳು, ಒಂದೇ ನಲ್ಲಿ, ಬರಿಮೈಯಲ್ಲಿ ಆಡುವ ಮಕ್ಕಳು. ಅವನಿಗೆ ಅದೇ ರೋಗವಾಗಿದ್ದರೆ ನನ್ನ ಮೌನ ಅವರನ್ನೆಲ್ಲ ತಿನ್ನುತ್ತದೆ. ಪೊಲೀಸರಿಗೆ ಹೇಳಿದರೆ ಅವಳು ಬೀದಿಗೆ ಬೀಳುತ್ತಾಳೆ. ಯಾರಾದರೂ ಹೋಗಿ, ಸಮಾಧಾನ ಹೇಳಿ, ಅವನನ್ನು ಆಸ್ಪತ್ರೆಗೆ ಒಯ್ಯಬೇಕು.

ಯಾರಾದರೂ.

ಸ್ವಾಮೀ, ಬೇರೆ ಯಾರನ್ನಾದರೂ ಕಳಿಸು. ನನಗೆ ಮಗಳಿದ್ದಾಳೆ.

29 ಸೆಪ್ಟೆಂಬರ್, ಗುರುವಾರ

ಹೋದೆ.

ಮನೆಯಲ್ಲಿ ಹೇಳಲಿಲ್ಲ, ಕೆಲಸಕ್ಕೆ ಹೊರಟಂತೆ ಹೊರಟೆ. ಸ್ವಾರಗೇಟಿನಲ್ಲಿ ಬಸ್ಸಿಳಿದು ಬಿಬವೇವಾಡಿಯ ಕಡೆ ನಡೆದೆ. ಮೂಗಿಗೆ ಮಾಸ್ಕ್ ಕಟ್ಟಿಕೊಂಡಿದ್ದೆ, ಚೀಲದಲ್ಲಿ ಇನ್ನಷ್ಟು ಇದ್ದವು. ದಾರಿಯುದ್ದಕ್ಕೂ ಒಂದೇ ಯೋಚನೆ: ಶೆಡ್ಡಿಗೆ ಬೀಗ ಇರಲಿ, ಅವರು ಊರಿಗೆ ಹೋಗಿಬಿಟ್ಟಿರಲಿ.

ಬೀಗ ಇರಲಿಲ್ಲ. ಬಾಗಿಲಿಗೆ ಹಳೆಯ ಸೀರೆ ಇಳಿಬಿದ್ದಿತ್ತು. ಒಳಗಿನಿಂದ ಕೆಮ್ಮು. ನಾನು ಮರಳಿನ ರಾಶಿಯ ಹತ್ತಿರ ನಿಂತುಬಿಟ್ಟೆ. ಯೇಸುಸ್ವಾಮಿ ಕುಷ್ಠರೋಗಿಗಳನ್ನು ಮುಟ್ಟಿದ ಎಂದು ಸೋನಾಲಿಗೆ ನಾನೇ ಎಷ್ಟು ಸಲ ಹೇಳಿದ್ದೇನೆ! ಹೇಳುವಾಗ ಅದು ಎಷ್ಟು ಸುಲಭದ ಮಾತು.

ಶರಣಮ್ಮ ಹೊರಗೆ ಬಂದವಳು ನನ್ನನ್ನು ಕಂಡು ಅಲ್ಲೇ ಕುಸಿದು ಕೂತಳು. "ಹೇಳಿಬಿಟ್ರೇನ್ರಿ ಅಕ್ಕಾರ?"

"ಇಲ್ಲವ್ವ. ಯಾರಿಗೂ ಹೇಳಿಲ್ಲ. ಆದರ ಇಲ್ಲಿ ಇಟ್ಟುಕೊಂಡ್ರ ಅಂವ ಉಳಿಯೂದಿಲ್ಲ. ಸರಕಾರಿ ದವಾಖಾನಿಗಿ ಒಯ್ಯೋಣು ನಡಿ."

"ಅಲ್ಲಿ ಒಳಗ ಹೋದವರನ್ನ ಸುಟ್ಟುಬಿಡ್ತಾರಂತ್ರಿ."

"ನಾ ಅಲ್ಲೇ ಕುಂದರ್ತೀನಿ. ಯಾರು ಸುಡ್ತಾರ ನೋಡೋಣಂತ." ಎಲ್ಲಿಂದ ಬಂತು ಆ ಮಾತು, ನನಗೇ ತಿಳಿಯದು. ಒಳಗೆ ನನಗೂ ಅದೇ ಹೆದರಿಕೆಯಿತ್ತು.

ಲಾಲಪ್ಪನಿಗೆ ನಿಲ್ಲಲು ಆಗುತ್ತಿರಲಿಲ್ಲ. ಆ ಕಡೆ ಅವಳು, ಈ ಕಡೆ ನಾನು. ಬಾಯಿಗೆ ಮಾಸ್ಕ್ ಕಟ್ಟಿ ರಸ್ತೆಗೆ ತಂದೆವು. ಮೊದಲ ರಿಕ್ಷಾದವನು ಎಲ್ಲಿಂದ ಬಂದವನು ಎಂದು ಕೇಳಿದ. ಸುಳ್ಳು ಹೇಳಿ ಅವನನ್ನು ಸಿಕ್ಕಿಸಲು ಮನಸ್ಸು ಬರಲಿಲ್ಲ. ಸೂರತ್ ಎಂದೆ. ಗಾಡಿ ಹಾರಿಸಿಕೊಂಡು ಹೋದ. ಇನ್ನೊಬ್ಬನೂ ಹಾಗೆಯೇ. ಆಮೇಲೆ ಬಂದವನು, ನರೆತ ಮೀಸೆಯವನು, ಕೇಳಿಸಿಕೊಂಡು ಎಂಜಿನ್ ಆರಿಸಿದ. ಆಮೇಲೆ ಮರಾಠಿಯಲ್ಲಿ, "ತಾಯೀ, ಆ ಬಟ್ಟೆ ನನಗೂ ಒಂದು ಕೊಡಿ," ಅಂದ. ಕಟ್ಟಿಕೊಂಡು, "ಬಸಾ" ಎಂದು ಹಿಂದಿನ ಸೀಟು ತೋರಿಸಿದ.

ದಾರಿಯಲ್ಲಿ ಲಾಲಪ್ಪನ ತಲೆ ನನ್ನ ಭುಜದ ಮೇಲೆ ಬಿತ್ತು. ಅವನ ಜ್ವರದ ಬಿಸಿ ಸೀರೆಯೊಳಗಿಂದ ನನ್ನ ಮೈಗೆ ತಾಗಿತು. ಸರಿಸಬೇಕೆನಿಸಿತು. ಸರಿಸಲಿಲ್ಲ. ಕರುಣೆಯಿಂದಲ್ಲ; ಸರಿಸಿದರೆ ಅದು ಹೊರಗೆ ಬೀಳುತ್ತಿತ್ತು, ಅಷ್ಟೇ. ಉಸಿರು ಬಿಗಿಹಿಡಿದು ಕೂತೆ.

ಆಸ್ಪತ್ರೆಯಲ್ಲಿ ಒಳಗೆ ಕರೆದೊಯ್ದರು. ಕಫ ತೆಗೆದುಕೊಂಡರು. ಪರೀಕ್ಷೆಯ ಫಲ ಬರುವವರೆಗೆ ಯಾರೂ ಏನೂ ಹೇಳುವುದಿಲ್ಲ. ನಮ್ಮಿಬ್ಬರಿಗೂ ಗುಳಿಗೆ ಕೊಟ್ಟರು. ಹೊರಗಿನ ಬೇವಿನ ಮರದ ಕೆಳಗೆ ಕೂತಾಗ ಶರಣಮ್ಮ ಕೇಳಿದಳು:

"ನೀವ್ಯಾಕ ಬಂದ್ರಿ ಅಕ್ಕಾರ?"

ದೇವರು ಕಳಿಸಿದ ಎನ್ನಬೇಕಿತ್ತು. "ಗೊತ್ತಿಲ್ಲವ್ವ," ಅಂದೆ.

ಸಂಜೆ ಮನೆಗೆ ಬಂದು ಹೊರಗೇ ನಿಂತು ಎಲ್ಲ ಹೇಳಿದೆ. ಇವರು ಬೈಯಲಿಲ್ಲ. ಹಿತ್ತಲಿನಲ್ಲಿ ಬಿಸಿನೀರು ಇಟ್ಟರು. ವರಾಂಡದಲ್ಲಿ ಹಾಸಿಗೆ ಹಾಕಿದರು. ತಾಟು ತಂದು ನೆಲದ ಮೇಲಿಟ್ಟು ಕಾಲಿನಿಂದ ಮುಂದಕ್ಕೆ ತಳ್ಳಿದರು. ತಳ್ಳಿದ್ದಕ್ಕೆ ಅವರ ಕಣ್ಣಲ್ಲಿ ನೀರು ಬಂತು. ನಾನು ತಾಟು ಎಳೆದುಕೊಂಡೆ. ಊಟ ಮಾಡಿದೆ.

30 ಸೆಪ್ಟೆಂಬರ್, ಶುಕ್ರವಾರ

ಎಲ್ಲ ಬಯಲಾಯಿತು. ಆಸ್ಪತ್ರೆಯಿಂದ ಸುದ್ದಿ ತಿಳಿದು ಕಾರ್ಪೊರೇಶನ್ನಿನವರು ಶೆಡ್ಡುಗಳಿಗೆ ಔಷಧಿ ಹೊಡೆದು, ಶರಣಮ್ಮ ಎಲ್ಲಿ ಕೆಲಸ ಮಾಡುತ್ತಾಳೆಂದು ವಿಚಾರಿಸಿಕೊಂಡು ಹೊಲಿಗೆಮನೆಗೇ ಬಂದರು. ನಾನು ಗುಳಿಗೆ ನುಂಗಿ, ಮಾಸ್ಕ್ ಕಟ್ಟಿಕೊಂಡು, ಮಾಲಿಕರಿಗೆ ನಿಜ ಹೇಳಿಬರಬೇಕೆಂದೇ ಹೋಗಿದ್ದೆ. ಕಾರ್ಪೊರೇಶನ್ನಿನವರು ನನಗಿಂತ ಮೊದಲು ಬಂದಿದ್ದರು.

ಆಪಟೆ ಕಾಕಾ ನನ್ನನ್ನು ಅಂಗಳಕ್ಕೆ ಕರೆದು, ದೂರ ನಿಂತು ಮರಾಠಿಯಲ್ಲಿ ಹೇಳಿದರು: "ಸಲೋಮಿಬಾಯಿ, ಆ ಹೆಂಗಸು ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ ಎಂದು ಹೇಳಿಬಿಡಿ. ನಿಮ್ಮ ಮಾತು ನಂಬುತ್ತಾರೆ. ಇಲ್ಲವಾದರೆ ಆರ್ಡರ್ ಹೋಗುತ್ತದೆ, ಎಲ್ಲರ ಕೆಲಸವೂ ಹೋಗುತ್ತದೆ." ಕೆಟ್ಟವರಲ್ಲ ಅವರು. ಬೆವರುತ್ತಿದ್ದರು.

ನಾನು ಕಾರ್ಪೊರೇಶನ್ನಿನವರ ಮುಂದೆ ಹೋಗಿ, "ಇದು ಅವಳ ಮಷಿನ್," ಎಂದು ತೋರಿಸಿದೆ. ಅವಳು ಹೊಲಿದ ಮಾಸ್ಕುಗಳನ್ನು ಕುದಿಸಿದ್ದನ್ನೂ ಹೇಳಿದೆ. ಅವರು ಎಲ್ಲರಿಗೂ ಗುಳಿಗೆ ಕೊಟ್ಟು, ಕೋಣೆಗೆಲ್ಲ ಔಷಧಿ ಹೊಡೆದರು.

ಉಮಾವತಿ ನನ್ನ ಮೇಲೆ ಎರಗಿ ಬಂದಳು. "ಪ್ರಾರ್ಥನಿ ಮಾಡಾಕಿ ಅಂತ! ಮಂಗಳವಾರದಿಂದ ಗೊತ್ತಿತ್ತು ನಿನಗ. ನನ್ನ ಮನ್ಯಾಗ ಸಣ್ಣ ಕೂಸು ಅದ, ನನಗೊಂದು ಮಾತು ಹೇಳಬೇಕು ಅನಿಸಲಿಲ್ಲಲ್ಲ?"

ಅವಳು ಹೇಳಿದ್ದು ನಿಜ.

ಇನ್ನು ಬರಬೇಡಿ ಎಂದು ಕಾಕಾ ಹೇಳಿದರು. ಶರಣಮ್ಮನಿಗೂ ತಿಳಿಸಿ ಅಂದರು.

2 ಅಕ್ಟೋಬರ್, ರವಿವಾರ

ಸೋನಾಲಿ ಕೆಮ್ಮುತ್ತಿದ್ದಾಳೆ. ಮೈ ಬೆಚ್ಚಗಿದೆ.

ಇವರು ನನ್ನ ಕಡೆ ನೋಡುತ್ತಿಲ್ಲ.

ಯಾರು ಕೇಳಿದ್ದರು ನನ್ನನ್ನು? ಯಾವ ದೇವರು ಕೇಳಿದ್ದ? ನನ್ನನ್ನು ತೆಗೆದುಕೋ. ಅವಳನ್ನು ಬಿಡು.

3 ಅಕ್ಟೋಬರ್, ಸೋಮವಾರ

ಕಂಟೋನ್ಮೆಂಟ್ ಡಾಕ್ಟರು ಬಾಯಿ ತೆರೆಸಿ ಬ್ಯಾಟರಿ ಬಿಟ್ಟು ನೋಡಿದರು. ಗಂಟಲು ಕೆಂಪಾಗಿದೆ, ಮಳೆಯಲ್ಲಿ ನೆನೆದಿರಬೇಕು, ಬೇರೇನೂ ಇಲ್ಲ ಎಂದರು. ಮತ್ತೊಮ್ಮೆ ನೋಡಿ ಎಂದು ಇವರು ಅಂಗಲಾಚಿದರು. ಮತ್ತೊಮ್ಮೆ ನೋಡಿ ಅದನ್ನೇ ಹೇಳಿದರು. ಹೊರಗೆ ಬಂದು ಸೋನಾಲಿ, "ಪಪ್ಪಾ, ಮಮ್ಮಿ, ನನಗ ಏನೂ ಆಗಿಲ್ಲ. ಇಬ್ಬರೂ ಹೀಂಗ್ಯಾಕ ಅಳಾಕತ್ತೀರಿ?" ಎಂದಳು.

ಅವಳನ್ನು ಮನೆಯಲ್ಲಿ ಮಲಗಿಸಿ, ಮಧ್ಯಾಹ್ನ ಗಂಜಿ ಕಟ್ಟಿಕೊಂಡು ಶಿವಾಜಿನಗರಕ್ಕೆ ಲೋಕಲ್ ಹತ್ತಿ, ಅಲ್ಲಿಂದ ಆಸ್ಪತ್ರೆಗೆ ಹೋದೆ. ಹೋಗಬೇಡ ಎಂದು ಇವರು ಹೇಳಲಿಲ್ಲ. ಶರಣಮ್ಮ ಬೇವಿನ ಮರದ ಕೆಳಗೇ ಇದ್ದಳು. ಶೆಡ್ಡಿನಲ್ಲಿ ಅವಳನ್ನು ಒಳಗೆ ಬಿಟ್ಟಿಲ್ಲ. ನಿನ್ನೆ ಬೇಡಿಕೊಳ್ಳುವಾಗ ಶರಣಮ್ಮ, ಲಾಲಪ್ಪರ ನೆನಪೇ ನನಗೆ ಬಂದಿರಲಿಲ್ಲ. ಗಂಜಿ ಇಬ್ಬರೂ ಒಂದೇ ಡಬ್ಬಿಯಿಂದ ಕುಡಿದೆವು. ಉಪ್ಪು ಕಡಿಮೆಯಾಗಿತ್ತು.

ಪರೀಕ್ಷೆಯ ಫಲ ಬಂದಿದೆ. ಪ್ಲೇಗ್ ಅಲ್ಲ. ನ್ಯುಮೋನಿಯಾ. ಇನ್ನೊಂದಿಷ್ಟು ದಿನ ತಡಮಾಡಿದ್ದರೆ ಕೈ ಮೀರುತ್ತಿತ್ತು ಎಂದರು. ಶರಣಮ್ಮ ಅರ್ಥವಾಗದೆ ನನ್ನ ಮುಖ ನೋಡಿದಳು. "ಉಳೀತಾನವ್ವ," ಅಂದೆ. ನನ್ನ ಕೈ ಹಿಡಿದು ಹಣೆಗೆ ಒತ್ತಿಕೊಂಡಳು.

ಇವತ್ತು ಇವರು ಹಾಸಿಗೆ ಒಳಗೆ ಹಾಕಿದ್ದಾರೆ.

6 ಅಕ್ಟೋಬರ್, ಗುರುವಾರ

ರಂಗೂಬಾಯಿ ದೇಹೂ ರೋಡಿನ ತನಕ ಹುಡುಕಿಕೊಂಡು ಬಂದಿದ್ದಳು. ಕತ್ತರಿ ಹಿಡಿಯುವವರು ಸಿಕ್ಕಿಲ್ಲ, ದಸರೆ ಹತ್ತಿರ ಬಂತು, ಪ್ಲೇಗ್ ಅಲ್ಲವೆಂದು ಎಲ್ಲರಿಗೂ ಗೊತ್ತಾಗಿದೆ, ಕಾಕಾ ಕರೆಯುತ್ತಿದ್ದಾರೆ ಎಂದಳು. ಶರಣಮ್ಮ? ಎಂದೆ. ಅವಳ ಮಾತು ಎತ್ತಲಿಲ್ಲ ಎಂದಳು.

"ಬಂದರೆ ಇಬ್ಬರೂ ಬರುತ್ತೇವೆ ಎಂದು ಹೇಳು."

ಹೇಳಿ ಕಳಿಸಿದ ಮೇಲೆ ಮನೆಖರ್ಚಿನ ಲೆಕ್ಕ ಹಾಕತೊಡಗಿದೆ. ಸೋನಾಲಿಯ ಹತ್ತನೆಯ ಇಯತ್ತೆ ಇದೇ ವರ್ಷ. ಇವರೊಬ್ಬರ ಪಗಾರದಲ್ಲಿ ನಡೆಯುವುದು ಕಷ್ಟ. ಇವರಿಗೆ ಹೇಳಿದೆ. "ಹೇಳಿಯಾಗೇತಲ್ಲ," ಅಂದರು, "ಈಗ ಹೆದರಿ ಏನ್ ಮಾಡ್ತಿ?" ಇಬ್ಬರೂ ಹೆದರಿಕೊಂಡೇ ಕೂತಿದ್ದೆವು.

8 ಅಕ್ಟೋಬರ್, ಶನಿವಾರ

ಕಾಕಾ ಒಪ್ಪಿದ್ದಾರೆ. ಆದರೆ ಹುಡುಗಿಯರು ಒಪ್ಪಿಲ್ಲ. ಶರಣಮ್ಮನ ಮಷಿನ್ನನ್ನು ಕಿಟಕಿಯಾಚೆ ಪಡಸಾಲೆಗೆ ತಳ್ಳಿದ್ದರು. ಅವಳ ನೀರಿನ ಲೋಟ ಬೇರೆ. ಡಾಕ್ಟರರ ಮಾತು ಹೇಳಿದೆ. "ಡಾಕ್ಟರಿಗೇನು ಗೊತ್ತು," ಅಂದಳು ಉಮಾವತಿ. ಶರಣಮ್ಮ ಪಡಸಾಲೆಯಲ್ಲಿ ಕೂತು ಅಂಗಿಗಳ ಗುಂಡಿಗೆ ಕಾಜು ಹೊಲಿದಳು.

ನನ್ನ ಕತ್ತರಿಸುವ ಮೇಜನ್ನು ಎಳೆದುಕೊಂಡು ಹೋಗಿ ಅವಳ ಪಕ್ಕಕ್ಕೆ ಹಾಕಿಕೊಂಡೆ. ಅಲ್ಲಿ ಬೆಳಕೂ ಚೆನ್ನಾಗಿದೆ.

11 ಅಕ್ಟೋಬರ್, ಮಂಗಳವಾರ

ಉಮಾವತಿ ಇವತ್ತು ಭಾಳ ತಡಮಾಡಿ ಬಂದಳು. ಬಂದವಳು ಒಳಗೆ ಕಾಲಿಡದೆ ಬಾಗಿಲಲ್ಲೇ ನಿಂತಳು. ತಲೆ ಬಾಚಿರಲಿಲ್ಲ. ಸೆರಗಿನಲ್ಲಿ ಕೂಸು, ಅವಳ ಸಣ್ಣ ಮಗಳು. ಕತ್ತು ಒಂದು ಕಡೆ ವಾಲಿತ್ತು, ಉಸಿರು ಗೊರಗೊರ ಎನ್ನುತ್ತಿತ್ತು.

"ನಿನ್ನಿಯಿಂದ ಜ್ವರ," ಅಂದಳು. "ನಮ್ಮ ಗಲ್ಲಿ ಡಾಕ್ಟರು ಕೆಮ್ಮು ಕೇಳಿ ಒಳಗ ಬರಬ್ಯಾಡ ಅಂದ. ಮನಿ ಮಾಲಕರೂ ಹೊರಗ ಹೋಗು ಅಂದ್ರು. ಅಕ್ಕಾರ, ಆ ದವಾಖಾನಿ ಎಲ್ಲಿ ಅದರಿ?"

ಎಲ್ಲ ಮಷಿನ್ನುಗಳೂ ನಿಂತವು. ಹತ್ತಿರದ ಇಬ್ಬರು ಹುಡುಗಿಯರು ಎದ್ದು ಗೋಡೆಗೆ ಸರಿದರು. ಅವರನ್ನು ನೋಡಿ ಉಮಾವತಿಯ ಮುಖ ಹೇಗಾಯಿತೆಂದರೆ, ಅದನ್ನು ಬರೆಯಲು ನನಗೆ ಮನಸ್ಸಿಲ್ಲ.

ಮುಗಿಯಿತು ಎಂದುಕೊಂಡ ಹೆದರಿಕೆ ನನಗೂ ಮತ್ತೆ ಬಂತು. ಚಪ್ಪಲಿ ಮೆಟ್ಟಿಕೊಳ್ಳಲು ಬಗ್ಗಿದೆ. ಒಂದು ಸಿಕ್ಕಿತು, ಇನ್ನೊಂದು ಸಿಗಲಿಲ್ಲ. ಹುಡುಕುತ್ತಿದ್ದೇನೆ, ಅಷ್ಟರಲ್ಲಿ ಪಡಸಾಲೆಯಿಂದ ಶರಣಮ್ಮ ಎದ್ದು ಹೋದಳು. ಬಾಯಿಗೆ ಏನೂ ಕಟ್ಟಿಕೊಂಡಿರಲಿಲ್ಲ. ನೇರ ಉಮಾವತಿಯ ಮುಂದೆ ನಿಂತು ಎರಡೂ ಕೈ ಚಾಚಿದಳು.

"ಕೂಸಿನ ಇತ್ತ ಕೊಡು ತಂಗಿ. ನನಗ ದಾರಿ ಗೊತ್ತದ."

ಉಮಾವತಿ ಆ ಕೈಗಳನ್ನೇ ನೋಡಿದಳು. ಆಮೇಲೆ ಕೂಸನ್ನು ಕೊಟ್ಟಳು.

ಆಪಟೆ ಕಾಕಾ ತಾವೇ ಬೀದಿಗೆ ಇಳಿದು ರಿಕ್ಷಾ ನಿಲ್ಲಿಸಿದರು. ಮೂವರೂ ಒತ್ತಿಕೊಂಡು ಕೂತೆವು. ಕೂಸು ಶರಣಮ್ಮನ ಎದೆಗೆ ಒರಗಿತ್ತು, ಉಮಾವತಿ ಅವಳ ಮೊಣಕಾಲನ್ನು ಗಟ್ಟಿಯಾಗಿ ಹಿಡಿದಿದ್ದಳು.

ಕೂಸನ್ನು ಒಳಗೆ ಇಟ್ಟುಕೊಂಡಿದ್ದಾರೆ. ಏನೆಂದು ಇನ್ನೂ ಹೇಳಿಲ್ಲ. ನನ್ನನ್ನು ಮನೆಗೆ ಕಳಿಸಿ ಶರಣಮ್ಮ ಉಮಾವತಿಯ ಜೊತೆ ಅಲ್ಲಿಯೇ ಉಳಿದಿದ್ದಾಳೆ. ಕರ್ತನೇ, ಆ ಕೂಸನ್ನು ಉಳಿಸು. ಉಮಾವತಿಗೆ ಧೈರ್ಯ ಕೊಡು. ಲಾಲಪ್ಪನ ಎದೆ ಗಟ್ಟಿಯಾಗಲಿ. ಆ ಗಲ್ಲಿಯ ಡಾಕ್ಟರ ಹೆದರಿಕೆಯನ್ನೂ ತೆಗೆ.

ನಾಳೆ ಬೆಳಗಿನ ಗಾಡಿಗೆ ಗಂಜಿ ಒಯ್ಯಬೇಕು. ಇವರು ಡಿಪೋಗೆ ರಜೆ ಹಾಕಿ ತಾವೂ ಬರುತ್ತೇನೆ ಎಂದಿದ್ದಾರೆ. ಅಕ್ಕಿ ಆರಿಸಿಟ್ಟಿದ್ದೇನೆ.